ಚಿತ್ತಾರಕ್ಕೆ ನೂರಮೂವತ್ತು, ಗುಟ್ಟಿಗೆ ಮೂರು ಸಾವಿರ

ಜಪಾನಿನ ಹಕೋನೆಯ ಗುಟ್ಟಿನ ಪೆಟ್ಟಿಗೆ ಕಂಡವರು ಮೊದಲು ಕೇಳುವುದು ಮೈಮೇಲಿನ ಚಿತ್ತಾರಕ್ಕೆ ಎಷ್ಟು ಮರ ಬೇಕಾಯಿತು ಎಂದು. ತೀರಾ ಕಡಿಮೆ. 18×12×6 ಸೆಂ.ಮೀ. ಪೆಟ್ಟಿಗೆಯ ಹೊರಮೈ 792 ಚದರ ಸೆಂ.ಮೀ. ಅಂಟಿಸುವ ಹಾಳೆಯ ದಪ್ಪ ಸುಮಾರು 0.2 ಮಿ.ಮೀ. ಅಂದರೆ ಕಣ್ಣು ಸೆಳೆಯುವ ಮರವೆಲ್ಲ ಸೇರಿ 16 ಘನ ಸೆಂ.ಮೀ., ಒಂದು ದೊಡ್ಡ ಚಮಚಕ್ಕೂ ತುಸು ಹೆಚ್ಚು.

ಯೊಸೆಗಿ ಎಂಬ ಈ ಕಸುಬಿಗೆ 1984ರಲ್ಲಿ ಅಲ್ಲಿನ ಸರಕಾರದ ಸಾಂಪ್ರದಾಯಿಕ ಕರಕುಶಲ ಮನ್ನಣೆ ಸಿಕ್ಕಿತು. ಬಣ್ಣ ಬಳಿಯುವುದಿಲ್ಲ, ಬಿಳಿ, ಕಂದು, ಹಸಿರು ಛಾಯೆಯ ಮರಗಳ ರೀಪುಗಳನ್ನೇ ಅಂಟಿಸಿ ದಿಮ್ಮಿ ಕಟ್ಟಿ, ಅದರಿಂದ ಹಾಳೆ ಎಬ್ಬಿಸುತ್ತಾರೆ.

ಚೌಕುಳಿ ವಿನ್ಯಾಸವನ್ನೇ ಲೆಕ್ಕಕ್ಕೆ ಹಿಡಿಯೋಣ. 18×12 ಸೆಂ.ಮೀ. ಮುಖದ, 5 ಸೆಂ.ಮೀ. ಎತ್ತರದ ದಿಮ್ಮಿಗೆ 5 ಮಿ.ಮೀ. ಚೌಕದ 90 ಸೆಂ.ಮೀ. ಉದ್ದದ ರೀಪು 48 ಬೇಕು. ಗರಗಸ ಪ್ರತಿ ಸೀಳಿಗೂ 2 ಮಿ.ಮೀ. ತಿನ್ನುವುದರಿಂದ 1,080 ಘನ ಸೆಂ.ಮೀ. ದಿಮ್ಮಿಗೆ ಸುಮಾರು 2,100 ಘನ ಸೆಂ.ಮೀ. ಮರ ಹೋಗುತ್ತದೆ; ಅರ್ಧದಷ್ಟು ಬರೀ ಪುಡಿ. ಘನ ಅಡಿಗೆ 4,000 ರೂ. ದರ ಹಿಡಿದರೆ ಮರಕ್ಕೆ 300 ರೂ. ದಿಮ್ಮಿಗೆ ಐದು ಆಳು, ಆಳಿಗೆ 1,000 ರೂ. ಕೂಲಿ ಎಂದುಕೊಂಡರೆ ಒಟ್ಟು 5,300 ರೂ. ಒಂದೊಂದು ರೀಪು 0.1 ಮಿ.ಮೀ. ಹೆಚ್ಚು ದಪ್ಪವಾದರೂ ಸಾಕು, 36 ರೀಪು ದಾಟುವಷ್ಟರಲ್ಲಿ ಚೌಕುಳಿ 3.6 ಮಿ.ಮೀ. ಸರಿದಿರುತ್ತದೆ. ಕೂಲಿ ಹೋಗುವುದು ಈ ನಿಖರತೆಗೇ.

ಉಳಿತಾಯ ಇರುವುದು ಉಜ್ಜುಗೊರಡಿನಲ್ಲಿ. ನಮ್ಮ ಬಡಗಿ ಅದನ್ನು ಮುಂದಕ್ಕೆ ತಳ್ಳಿದರೆ ಜಪಾನಿನವನು ತನ್ನತ್ತ ಎಳೆಯುತ್ತಾನೆ. ಒಂದೊಂದು ಎಳೆತಕ್ಕೂ ಇಡೀ ಚಿತ್ತಾರ ಸುರುಳಿಯಾಗಿ ಎದ್ದು ಬರುತ್ತದೆ; ಆಮೇಲೆ ಇಸ್ತ್ರಿ ಹಾಕಿ ಮಟ್ಟಮಾಡುತ್ತಾರೆ. ಪುಡಿಯಾಗಿ ಹೋಗುವುದು ಏನೂ ಇಲ್ಲ. ಹಿಡಿತಕ್ಕೆಂದು 1 ಸೆಂ.ಮೀ. ಬಿಟ್ಟರೂ 200 ಹಾಳೆ. ಪೆಟ್ಟಿಗೆಗೆ ಐದರಂತೆ 40 ಪೆಟ್ಟಿಗೆ. ಅದೇ ದಿಮ್ಮಿಯನ್ನು ಗರಗಸದಿಂದ 1 ಮಿ.ಮೀ. ಹಾಳೆಗಳಾಗಿ ಸೀಳಿ ನೋಡಿ: ಪುಡಿ ಸೇರಿ ಹಾಳೆಗೆ 3 ಮಿ.ಮೀ., ಸಿಗುವುದು 13 ಹಾಳೆ, ಎರಡೇ ಪೆಟ್ಟಿಗೆ. ಚಿತ್ತಾರದ ವೆಚ್ಚ ಒಂದು ಕಡೆ 132 ರೂ., ಇನ್ನೊಂದು ಕಡೆ 2,650 ರೂ.

ಇನ್ನು ಒಡಲು. 1 ಸೆಂ.ಮೀ. ಗೋಡೆಯ ಪೆಟ್ಟಿಗೆಗೆ 656 ಘನ ಸೆಂ.ಮೀ. ಮರ, ಅಷ್ಟೇ ವ್ಯರ್ಥವಾದರೂ 185 ರೂ. ಆದರೆ ಪಕ್ಕದ ಪಟ್ಟಿಗಳನ್ನು ಕ್ರಮ ತಪ್ಪದೆ ಹತ್ತು ಸಲ ಸರಿಸಿದ ಮೇಲೆ ಮಾತ್ರ ಮುಚ್ಚಳ ತೆರೆಯಬೇಕಲ್ಲ, ಆ ಕೆಲಸಕ್ಕೆ ಮೂರು ಆಳು ಎಂದುಕೊಳ್ಳೋಣ: 3,000 ರೂ. ಅಂಟು, ಮೆರುಗು ಬಿಟ್ಟು ಒಟ್ಟು ಸುಮಾರು 3,320 ರೂ. ಅದರಲ್ಲಿ ಚಿತ್ತಾರದ ಪಾಲು ಶೇ. 4 ಮಾತ್ರ! ಗಿರಾಕಿ ಚಿತ್ತಾರಕ್ಕೆ ಮರುಳಾಗಿ ಕೊಡುವ ದುಡ್ಡು ನಿಜಕ್ಕೂ ಸಲ್ಲುವುದು ಕಾಣದ ಜಾರುಪಟ್ಟಿಗೆ.

ಒಂದೇ ಪೆಟ್ಟಿಗೆ ಮಾಡಹೊರಟರೆ ಇದೇ ಲೆಕ್ಕ 8,485 ರೂ.ಗೆ ಏರುತ್ತದೆ. ಅಂಥವರು ದಿಮ್ಮಿ ಕಟ್ಟುವ ಗೋಜಿಗೆ ಹೋಗದೆ, ಸಿದ್ಧ ಹಾಳೆ ಕೊಂಡು ಅಂಟಿಸಿಕೊಳ್ಳುವುದೇ ಲೇಸು.