ಮನೆ, ಮದ್ರಸ, ಮನೆತನ: ಮೂರಕ್ಕೂ ಒಂದೇ ಹೆಸರು

ನಿಮ್ಮ ಮನೆಗೆ ಏನೆಂದು ಹೆಸರಿಟ್ಟಿದ್ದೀರಿ? ಗೇಟಿನ ಪಕ್ಕದ ಕಲ್ಲಿನಲ್ಲಿ ಹಿರಿಯರ ಹೆಸರಿರಬಹುದು, ಮಕ್ಕಳ ಹೆಸರಿರಬಹುದು. ನೂರು ವರ್ಷಗಳ ಬಳಿಕ ಜನರು ಆ ಹೆಸರನ್ನು ಯಾವ ಕಾರಣಕ್ಕೆ ನೆನೆಯಬೇಕೆಂದು ಎಂದಾದರೂ ಯೋಚಿಸಿದ್ದೀರಾ? ಲಕ್ನೋದ ಚೌಕ್ ಪ್ರದೇಶದಲ್ಲಿರುವ ಫರಂಗಿ ಮಹಲ್‌ನ ಚರಿತ್ರೆ ನಮ್ಮನ್ನು ಹಾಗೆ ಯೋಚಿಸುವಂತೆ ಮಾಡುತ್ತದೆ.

ಫರಂಗಿ ಎಂದರೆ ಯುರೋಪಿನವನು. ಐರೋಪ್ಯ ವ್ಯಾಪಾರಿಯೊಬ್ಬ ಹಿಂದೆ ವಾಸವಾಗಿದ್ದ ಮನೆ ಎಂಬ ಕಾರಣಕ್ಕೆ ಅದಕ್ಕೆ ಈ ಹೆಸರು ಬಂತು. ಅದು ವಿದ್ವಾಂಸರ ಮನೆಯಾದುದರ ಹಿಂದೆ ಒಂದು ದುರಂತವಿದೆ.

ಈಗಿನ ಬಾರಾಬಂಕಿ ಜಿಲ್ಲೆಯ ಸಿಹಾಲಿ ಎಂಬ ಊರಿನಲ್ಲಿ ಮುಲ್ಲಾ ಕುತುಬುದ್ದೀನ್ ಎಂಬ ದೊಡ್ಡ ವಿದ್ವಾಂಸರಿದ್ದರು. 1690ರ ದಶಕದ ಆರಂಭದಲ್ಲಿ ಜಮೀನಿನ ತಗಾದೆಯಲ್ಲಿ ವಿರೋಧಿಗಳು ಅವರನ್ನು ಕೊಂದರು. ಮನೆಗೆ ಬೆಂಕಿಯಿಟ್ಟರು. ಅವರ ಗ್ರಂಥಗಳೂ ಬೂದಿಯಾದವು. ಆಗ ದಖ್ಖನ್‌ನಲ್ಲಿದ್ದ ಔರಂಗಜೇಬನಿಗೆ ಕುಟುಂಬವು ಮೊರೆಯಿಟ್ಟಿತು. ಬಾದಶಹನು ಲಕ್ನೋದ ಫರಂಗಿ ಮಹಲನ್ನು ಅವರ ಮಕ್ಕಳಿಗೆ ಕೊಟ್ಟನು.

ಮನೆ ಸಿಕ್ಕಿತು. ಹೋದ ತಂದೆ ಬರಲಿಲ್ಲ, ಸುಟ್ಟ ಗ್ರಂಥಗಳೂ ಬರಲಿಲ್ಲ. ಆದರೆ ಮಕ್ಕಳು ತಂದೆಯ ಕೆಲಸವನ್ನು ಮುಂದುವರಿಸಿದರು. ದುರಂತ ನಡೆದಾಗ ಇನ್ನೂ ಹುಡುಗನಾಗಿದ್ದ ನಿಜಾಮುದ್ದೀನ್ ಬೆಳೆದು ಬೋಧಕರಾದರು. ಅವರ ಪಾಠಕ್ರಮವೇ 'ದರ್ಸೆ ನಿಜಾಮಿ' ಎಂದು ಪ್ರಸಿದ್ಧವಾಯಿತು. ಧಾರ್ಮಿಕ ವಿಷಯಗಳ ಜೊತೆಗೆ ವ್ಯಾಕರಣ, ತರ್ಕ, ತತ್ವಶಾಸ್ತ್ರ ಮತ್ತು ಗಣಿತಕ್ಕೂ ಅದರಲ್ಲಿ ಸ್ಥಾನವಿತ್ತು. ಪ್ರತಿ ವಿಷಯದಲ್ಲಿ ಒಂದೆರಡು ಕಠಿಣ ಗ್ರಂಥಗಳನ್ನು ಚೆನ್ನಾಗಿ ಅರಗಿಸಿಕೊಂಡರೆ ಉಳಿದವನ್ನು ವಿದ್ಯಾರ್ಥಿಯೇ ಓದಿಕೊಳ್ಳಬಲ್ಲ ಎಂಬುದು ಅದರ ತತ್ವ. ಬದಲಾವಣೆಗಳೊಂದಿಗೆ ಉಪಖಂಡದ ಅನೇಕ ಮದ್ರಸಗಳಲ್ಲಿ ಅದು ಇಂದಿಗೂ ನಡೆಯುತ್ತಿದೆ.

ಮುಲ್ಲಾ ನಿಜಾಮುದ್ದೀನ್ 1748ರಲ್ಲಿ ನಿಧನರಾದರು. 'ಬಹ್ರುಲ್ ಉಲೂಮ್' ಅಂದರೆ ವಿದ್ಯೆಗಳ ಸಾಗರ ಎಂದು ಖ್ಯಾತರಾದ ಅವರ ಮಗ ಅಬ್ದುಲ್ ಅಲಿ ದೂರದ ಮದ್ರಾಸಿಗೆ ಬಂದು ಬೋಧಿಸಿ, ಅಲ್ಲಿಯೇ 1810ರಲ್ಲಿ ಕಣ್ಮುಚ್ಚಿದರು. ಅದೇ ಮನೆತನದ ಮೌಲಾನಾ ಅಬ್ದುಲ್ ಬಾರಿ (1878–1926) ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಮದ್ರಸ ನಿಜಾಮಿಯಾ ಸ್ಥಾಪಿಸಿದರು. ಖಿಲಾಫತ್ ಚಳವಳಿಯ ಪ್ರಮುಖ ನಾಯಕರಲ್ಲಿ ಅವರೂ ಒಬ್ಬರು. ಗಾಂಧೀಜಿ ಅವರ ಮನೆಯಲ್ಲಿ ಅತಿಥಿಯಾಗಿದ್ದಾಗ ಮೌಲಾನಾ ಬ್ರಾಹ್ಮಣ ಅಡುಗೆಯವರನ್ನು ನೇಮಿಸಿದರು. ಊಟದಲ್ಲಿ ಮಾಂಸ ಬಾರದಂತೆಯೂ ನೋಡಿಕೊಂಡರು. ವಿದ್ಯೆಯ ಜೊತೆಗೆ ಅತಿಥಿ ಸತ್ಕಾರದ ಸೂಕ್ಷ್ಮವೂ ಆ ಮನೆಗೆ ತಿಳಿದಿತ್ತು!

ಈ ಮನೆತನದವರು ಇಂದಿಗೂ ತಮ್ಮ ಹೆಸರಿನೊಂದಿಗೆ 'ಫರಂಗಿ ಮಹಲಿ' ಎಂದು ಸೇರಿಸಿಕೊಳ್ಳುತ್ತಾರೆ. ಯಾವನೋ ಪರದೇಶಿ ವ್ಯಾಪಾರಿಯನ್ನು ನೆನಪಿಸುವ ಹೆಸರು ವಿದ್ವತ್ತಿನ ಹೆಸರಾಯಿತು. ಗೋಡೆ, ಕಂಬಗಳಿಂದ ಅದು ಆದದ್ದಲ್ಲ. ಆ ಮನೆಯೊಳಗೆ ತಲೆಮಾರುಗಳ ಕಾಲ ನಡೆದ ಪಾಠದಿಂದ ಆಯಿತು.

ಸಹೋದರಿಯರೇ, ದೂರದೂರಿನಿಂದ ಬಂದು ಅಲ್ಲಿ ಕಲಿತವರು ಗಂಡುಮಕ್ಕಳು. ಇಂದು ನಮ್ಮ ಹೆಣ್ಣುಮಕ್ಕಳಿಗೂ ಕಲಿಯುವ ಅವಕಾಶವಿದೆ. ಆದರೂ ಮನೆ ಕಟ್ಟುವಾಗ ಟೈಲ್ಸ್‌ಗೆ, ಶೋಕೇಸಿಗೆ ಲೆಕ್ಕವಿಲ್ಲದೆ ಸುರಿಯುವ ನಾವು ಪುಸ್ತಕದ ಒಂದು ಕಪಾಟಿಗೆ ಜಾಗವಿಲ್ಲ ಎನ್ನುತ್ತೇವೆ. ಮಗರಿಬ್ ನಮಾಝಿನ ಬಳಿಕ ಟಿ.ವಿ., ಮೊಬೈಲ್ ಬದಿಗಿಟ್ಟು ಮಕ್ಕಳೊಂದಿಗೆ ಅರ್ಧ ಗಂಟೆ ಓದಲು ಕುಳಿತರೆ ಸಾಕು. ನೆರೆಮನೆಯ ಮಗುವನ್ನೂ ಕರೆದು ಕೂರಿಸಿಕೊಳ್ಳಿ. ನಿಮ್ಮ ಗೇಟಿನ ಮೇಲಿನ ಹೆಸರಿಗೆ ಅರ್ಥ ಬರುವುದು ಅಲ್ಲಿಂದಲೇ.