ಹೆಸರಿನ ವ್ಯಾಪಾರ: ಎಲ್ಲಿಯವರೆಗೆ ನ್ಯಾಯ?

ಬೆಂಗಳೂರಿನವರಿಗೆ ಸೈಟಿನ ವ್ಯಾಪಾರ ಹೊಸದಲ್ಲ. ಬಡಾವಣೆಯಾಗುವ ಸುಳಿವು ಸಿಕ್ಕ ಕೂಡಲೇ ನಿವೇಶನ ಕೊಂಡಿಟ್ಟು, ಬೆಲೆ ಏರಿದಾಗ ಮಾರಿದವರನ್ನು ಗಿರಿನಗರ, ಬನಶಂಕರಿಯ ಕಡೆ ಯಾರೂ ತಪ್ಪಿತಸ್ಥರೆನ್ನುವುದಿಲ್ಲ. ಅಂತರ್ಜಾಲದಲ್ಲೂ ಇಂಥದೇ ವ್ಯಾಪಾರವುಂಟು. ಅಲ್ಲಿ ಕೈ ಬದಲಾಯಿಸುವುದು ನೆಲವಲ್ಲ. ‘ಡಾಟ್ ಕಾಮ್’, ‘ಡಾಟ್ ಇನ್’ ಎಂದು ಮುಗಿಯುವ ಜಾಲತಾಣದ ವಿಳಾಸ, ಅಂದರೆ ಡೊಮೇನ್ ಹೆಸರು. ಆದರೆ ಈ ವ್ಯಾಪಾರದ ಮೇಲೆ ಮೊದಲಿನಿಂದಲೂ ಒಂದು ಕಳಂಕವಿದೆ. ಅದೇಕೆ?

ನೋಂದಣಿಯ ನಿಯಮ ಸರಳ: ಮೊದಲು ಬಂದವರಿಗೆ ಮೊದಲ ಹಕ್ಕು. ವಾರ್ಷಿಕ ಶುಲ್ಕ ಕಟ್ಟಿದರೆ ಹೆಸರು ನಿಮ್ಮದು. ಆ ಹೆಸರನ್ನು ಬಳಸುವ ಅಧಿಕಾರ ನಿಮಗಿದೆಯೇ ಎಂದು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ನವೀಕರಿಸುವುದನ್ನು ಮರೆತರೆ ಹೆಸರು ಬೇರೆಯವರ ಪಾಲಾಗಬಹುದು. ಇನ್ನೊಂದು ಸಂಗತಿಯೆಂದರೆ, ಬೆಂಗಳೂರಿನ ಬೀದಿಬೀದಿಗಳಲ್ಲಿ ‘ಅಯ್ಯಂಗಾರ್ ಬೇಕರಿ’ ಎಂಬ ಫಲಕವನ್ನು ಕಾಣಬಹುದು. ಒಂದರಿಂದ ಇನ್ನೊಂದಕ್ಕೆ ತೊಂದರೆಯಿಲ್ಲ. ಡೊಮೇನ್ ಹೆಸರು ಹಾಗಲ್ಲ. ಇಡೀ ಜಗತ್ತಿಗೆ ಅದು ಒಂದೇ. ಅದರ ಬೆಲೆಗೂ ಜಗಳಕ್ಕೂ ಕಾರಣ ಇದೇ.

‘ಹಣ್ಣು’, ‘ಮನೆ’ಯಂಥ ಸಾಮಾನ್ಯ ಪದವೊಂದನ್ನು ಮುಂದಾಲೋಚನೆಯಿಂದ ನೋಂದಾಯಿಸಿ, ಬೇಕಾದವರಿಗೆ ಮಾರುವುದರಲ್ಲಿ ಅನ್ಯಾಯವಿಲ್ಲ. ಅನ್ಯಾಯ ಶುರುವಾಗುವುದು ಬೇರೊಬ್ಬರು ಬೆವರು ಸುರಿಸಿ ಗಳಿಸಿದ ಹೆಸರನ್ನೇ ಹಿಡಿದಿಟ್ಟುಕೊಂಡು, ಅವರಿಂದಲೇ ಹಣ ಕೇಳಿದಾಗ. ಇದಕ್ಕೆ ‘ಸೈಬರ್ ಸ್ಕ್ವಾಟಿಂಗ್’ ಎನ್ನುತ್ತಾರೆ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಮುಂದೆ 1999ರಲ್ಲಿ ಬಂದ ಮೊದಲ ಡೊಮೇನ್ ದೂರು ಇಂಥದೇ. ಅಮೆರಿಕದ ಕುಸ್ತಿ ಸಂಸ್ಥೆಯೊಂದರ ಹೆಸರನ್ನು ನೋಂದಾಯಿಸಿದಾತ ಮೂರೇ ದಿನಗಳಲ್ಲಿ ಅದನ್ನು ಆ ಸಂಸ್ಥೆಗೇ 1,000 ಡಾಲರಿಗೆ ಮಾರಲು ಹೋಗಿದ್ದ. ತೀರ್ಪು ಸಂಸ್ಥೆಯ ಪರವಾಯಿತು.

ಭಾರತದಲ್ಲಿ ಈ ವಿಷಯಕ್ಕೆ ದಾರಿ ತೋರಿದ ಮೊಕದ್ದಮೆ ಆರಂಭವಾದದ್ದು ಬೆಂಗಳೂರಿನಲ್ಲೇ. ಸತ್ಯಂ ಇನ್ಫೋವೇ ಕಂಪನಿ ತನ್ನ ಹೆಸರಿನ ಅಕ್ಷರಗಳಿಂದ ‘ಸಿಫಿ’ ಎಂಬ ಪದ ಕಟ್ಟಿ, 1999ರಿಂದ ಹಲವು ಡೊಮೇನ್ ಹೆಸರುಗಳನ್ನು ನೋಂದಾಯಿಸಿತ್ತು. 2001ರಲ್ಲಿ ಸಿಫಿನೆಟ್ ಸಲ್ಯೂಷನ್ಸ್ ಎಂಬ ಇನ್ನೊಂದು ಕಂಪನಿ, ಇಂಗ್ಲಿಷಿನ ‘ಎಫ್’ ಅಕ್ಷರವೊಂದನ್ನು ಹೆಚ್ಚಿಗೆ ಸೇರಿಸಿ, ಹೆಚ್ಚುಕಡಿಮೆ ಅದೇ ಹೆಸರನ್ನು ಪಡೆಯಿತು. ಅದು ಹೆಸರು ಮಾರುವ ಕಂಪನಿಯಲ್ಲ. ಅಂತರ್ಜಾಲದ ಮೂಲಕ ಮಾರುಕಟ್ಟೆ ವ್ಯವಹಾರ ನಡೆಸುತ್ತಿತ್ತು. ತನ್ನ ಪ್ರವರ್ತಕರ ಹೆಸರುಗಳ ಮೊದಲಕ್ಷರಗಳಿಂದ ಈ ಪದ ಹುಟ್ಟಿತೆಂದು ವಾದಿಸಿತು. ಸಿಟಿ ಸಿವಿಲ್ ನ್ಯಾಯಾಲಯ ತಾತ್ಕಾಲಿಕ ತಡೆಯಾಜ್ಞೆ ನೀಡಿತು. ಎರಡೂ ಕಂಪನಿಗಳ ವ್ಯವಹಾರ ಬೇರೆಬೇರೆ ಎಂದ ಕರ್ನಾಟಕ ಹೈಕೋರ್ಟು ಅದನ್ನು ತೆಗೆದುಹಾಕಿತು. 2004ರ ಮೇ 6ರಂದು ನ್ಯಾಯಮೂರ್ತಿಗಳಾದ ರುಮಾ ಪಾಲ್ ಮತ್ತು ಪಿ. ವೆಂಕಟರಾಮ ರೆಡ್ಡಿ ಅವರಿದ್ದ ಸುಪ್ರೀಂ ಕೋರ್ಟಿನ ಪೀಠ ತಡೆಯಾಜ್ಞೆಯನ್ನು ಮತ್ತೆ ಜಾರಿಗೆ ತಂದಿತು. ಡೊಮೇನ್ ಹೆಸರು ಬರಿಯ ವಿಳಾಸವಲ್ಲ, ವ್ಯಾಪಾರದ ಗುರುತೂ ಹೌದು. ಅದಕ್ಕೆಂದೇ ಪ್ರತ್ಯೇಕ ಕಾನೂನು ಇಲ್ಲದಿದ್ದರೂ ಒಬ್ಬರ ಸರಕನ್ನು ಇನ್ನೊಬ್ಬರದೆಂದು ನಂಬಿಸುವುದರ ವಿರುದ್ಧ ಇರುವ ಹಳೆಯ ನ್ಯಾಯವೇ ಸಾಕು ಎಂಬುದು ಆ ತೀರ್ಪಿನ ಸಾರ.

‘ಡಾಟ್ ಇನ್’ ಹೆಸರುಗಳ ವಿವಾದಕ್ಕೆ 2005ರಿಂದ ಪ್ರತ್ಯೇಕ ಪಂಚಾಯಿತಿ ವ್ಯವಸ್ಥೆಯಿದೆ. ಕೊಂಡ ಹೆಸರು ಬೇರೊಬ್ಬರ ಗುರುತನ್ನು ಹೋಲುತ್ತದೆಯೇ, ಕೊಂಡವರಿಗೆ ಅದರಲ್ಲಿ ನ್ಯಾಯವಾದ ಹಿತಾಸಕ್ತಿ ಇದೆಯೇ, ಉದ್ದೇಶ ಕೆಟ್ಟದ್ದೇ ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ಕೇಳಲಾಗುತ್ತದೆ. ಅಂತರರಾಷ್ಟ್ರೀಯ ಪಂಚಾಯಿತಿಯದೂ ಇದೇ ಕ್ರಮ. ಆದರೆ ಅಲ್ಲಿ ಸೋತವರು ಕಳೆದುಕೊಳ್ಳುವುದು ಹೆಸರನ್ನಷ್ಟೇ, ದಂಡವಿಲ್ಲ. ಅಷ್ಟರಲ್ಲಿ ತಪ್ಪು ವಿಳಾಸಕ್ಕೆ ಹೋಗಿ ಮೋಸಹೋದ ಗ್ರಾಹಕರ ನಷ್ಟವನ್ನು ಈ ವ್ಯವಸ್ಥೆ ತುಂಬಿಕೊಡುವುದಿಲ್ಲ.

ಕಾನೂನು ನಿಲ್ಲುವ ಈ ಜಾಗದಿಂದ ಮುಂದಕ್ಕೆ ಕೆಲಸ ಮಾಡಬೇಕಾದದ್ದು ವ್ಯಾಪಾರಿಯ ನಿಯತ್ತು. ಹೆಸರಿನ ಹಿಂದಿನ ಚರಿತ್ರೆ ಹೇಳಿ, ಹಣ ಬಂದೊಡನೆ ವರ್ಗಾಯಿಸಿ, ಪ್ರಸಿದ್ಧ ಹೆಸರುಗಳಿಗೆ ಕೈಹಾಕದವನ ಬಳಿಗೆ ಕೊಳ್ಳುವವರು ಮತ್ತೆ ಬರುತ್ತಾರೆ. ಕನ್ನಡದಲ್ಲಿ ‘ಹೆಸರು’ ಎಂದರೆ ಕರೆಯುವ ಪದವೂ ಹೌದು, ಜನರಲ್ಲಿ ಗಳಿಸಿದ ಮರ್ಯಾದೆಯೂ ಹೌದು. ಮೊದಲನೆಯದನ್ನು ಶುಲ್ಕ ಕಟ್ಟಿ ಪಡೆಯಬಹುದು; ಎರಡನೆಯದಕ್ಕೆ ನೋಂದಣಿ ಕಚೇರಿಯಿಲ್ಲ. ಸಣ್ಣ ಅಂಗಡಿಯವರಿಗೊಂದು ಕಿವಿಮಾತು: ಫಲಕ ಬರೆಸುವ ದಿನವೇ ಡೊಮೇನ್ ಹೆಸರನ್ನೂ ನೋಂದಾಯಿಸಿ, ನವೀಕರಣದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.