ಗುಬ್ಬಿ ಅಂತ ಹುಡುಕಿದರೆ ಏನು ಸಿಗುತ್ತದೆ?

ದಸರಾ ರಜೆಯಲ್ಲಿ ಅಕ್ಕನ ಮೊಬೈಲಿನಲ್ಲಿ ಇಂಟರ್‌ನೆಟ್ ನೋಡುತ್ತಿದ್ದೆ. ನಮ್ಮ ತಾಲ್ಲೂಕಿನ ಬಗ್ಗೆ ಏನಿದೆ ನೋಡೋಣ ಅಂತ ‘ಗುಬ್ಬಿ’ ಎಂದು ಬರೆದೆ. ಬಂದಿದ್ದೆಲ್ಲಾ ಗುಬ್ಬಚ್ಚಿ ಚಿತ್ರಗಳು!

ಯಾಕೆ ಹಾಗೆ? ಇಂಟರ್‌ನೆಟ್ಟಿನಲ್ಲಿ ಹುಡುಕಿಕೊಡುವ ಕಂಪ್ಯೂಟರುಗಳು ಕೋಟ್ಯಂತರ ಪುಟಗಳನ್ನು ಮೊದಲೇ ಓದಿ, ಯಾವ ಪದ ಯಾವ ಪುಟದಲ್ಲಿದೆ ಎಂದು ಪಟ್ಟಿ ಮಾಡಿಟ್ಟಿರುತ್ತವೆ. ನಾವು ಕೇಳಿದ್ದು ಊರೋ ಹಕ್ಕಿಯೋ ಅಂತ ಒಂದೇ ಪದದಿಂದ ಗೊತ್ತಾಗುವುದಿಲ್ಲ. ಇನ್ನೊಂದು ಪದ ಸೇರಿಸಬೇಕು. ನಾನು ‘ಗುಬ್ಬಿ ನಾಟಕ ಕಂಪನಿ’ ಅಂತ ಬರೆದೆ.

ನಾಟಕ ಅಂತಲೇ ಯಾಕೆ ಅಂದ್ರೆ, ಗುಬ್ಬಿ ಕಂಪನಿ ನಾಟಕದಲ್ಲಿ ನಿಜವಾದ ಆನೆ ಕುದುರೆ ಬರ್ತಿದ್ವು ಅಂತ ನಮ್ಮ ತಾತ ಹೇಳಿದಾಗ ನಾನು ‘ಸುಳ್ಳು’ ಅಂದುಬಿಟ್ಟಿದ್ದೆ. ಆಮೇಲೆ ಎರಡು ದಿನ ತಾತ ನನಗೆ ಕಥೆ ಹೇಳಲಿಲ್ಲ.

ತಾತ ಹೇಳಿದ್ದು ನಿಜಾನೇ! ‘ಕುರುಕ್ಷೇತ್ರ’ ನಾಟಕದಲ್ಲಿ ಗುಬ್ಬಿ ವೀರಣ್ಣನವರು ಜೀವಂತ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದಿದ್ದರು. ಈ ಚನ್ನಬಸವೇಶ್ವರ ನಾಟಕ ಕಂಪನಿ ಶುರುವಾಗಿದ್ದು 1884ರಲ್ಲಿ, ವೀರಣ್ಣನವರು ಹುಟ್ಟುವುದಕ್ಕೂ ಮುಂಚೆ. ಚಿಕ್ಕ ಹುಡುಗನಾಗಿದ್ದಾಗಲೇ ನಟನಾಗಿ ಸೇರಿದ ಅವರು ಮುಂದೆ ಅದರ ಮಾಲೀಕರೇ ಆದರು. ಡಾ. ರಾಜ್‌ಕುಮಾರ್ ಕೂಡ ಇದೇ ಕಂಪನಿಯಲ್ಲಿ ಪಾತ್ರ ಮಾಡಿದವರು. ವೀರಣ್ಣನವರು ತೀರಿಕೊಂಡದ್ದು 1972ರಲ್ಲಿ.

ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಬರೆಯಬಹುದು, ಒಂದೇ ಪುಟ ನಂಬಬೇಡಿ ಅಂತ ಮೇಷ್ಟ್ರು ಹೇಳಿದ್ದರಲ್ಲ, ಅದಕ್ಕೇ ಮೂರು ಪುಟ ನೋಡಿದೆ. ಮೂರರಲ್ಲೂ ಆನೆ ಇತ್ತು.

ಸಂಜೆ ಜಗುಲಿ ಮೇಲೆ ಕೂತು ತಾತನಿಗೆ ಜೋರಾಗಿ ಓದಿದೆ. ತಾತ ಎಲೆಗೆ ಸುಣ್ಣ ಹಚ್ಚುತ್ತಾ, “ಆನೆ ವಿಷ್ಯ ಇನ್ನೊಂದ್ಸಲ ಓದು” ಅಂದರು.